ಹಾದುಹೋಗುವವರ ಊರು

ಇಂಗ್ಲೆಂಡಿನ ನಡುಭಾಗದ ನಾರ್ಥಾಂಪ್ಟನ್‌ಶೈರ್ ಸೀಮೆಯಲ್ಲಿ, ಲಂಡನ್ನಿಗೂ ಬರ್ಮಿಂಗ್‌ಹ್ಯಾಮಿಗೂ ಸರಕು ಸಾಗಿಸಲೆಂದು ತೋಡಿದ ಗ್ರ್ಯಾಂಡ್ ಯೂನಿಯನ್ ಕಾಲುವೆಯ ದಡದಲ್ಲಿ, ಸ್ಟೋಕ್ ಬ್ರೂಅರ್ನ್ ಎಂಬ ಹಳ್ಳಿಯಿದೆ. ಅಲ್ಲಿನ ಜನಸಂಖ್ಯೆ ನಾನೂರರ ಆಸುಪಾಸಿನಲ್ಲಿದ್ದರೂ ಇಂಗ್ಲೆಂಡಿನ ಜಲಸಾರಿಗೆಯ ಚರಿತ್ರೆ ಬರೆಯುವವರು ಅದರ ಹೆಸರನ್ನು ಬಿಡುವಂತಿಲ್ಲ. ಆ ಹಳ್ಳಿಯನ್ನು ಮುಂದಿಟ್ಟುಕೊಂಡು, ಕಾಲುವೆದಡದ ಬದುಕು ಮತ್ತು ಅಲ್ಲಿನ ಸೌಕರ್ಯಗಳ ಕುರಿತು ಇಬ್ಬರ ನಡುವೆ ನಡೆಯುವ ವಿಚಾರವಿನಿಮಯ ಇಲ್ಲಿದೆ. ಹಿರಿಯರು ಸಾರಿಗೆಯ ಇತಿಹಾಸವನ್ನು ಬಲ್ಲವರು. ಕಿರಿಯರು ಗ್ರಾಮಾಡಳಿತವನ್ನು ಅಭ್ಯಾಸ ಮಾಡಿದವರು.

ಕಿರಿಯರು: ಇಂಗ್ಲೆಂಡಿನ ಕಾಲುವೆದಡದ ಹಳ್ಳಿಗಳ ಚಿತ್ರಗಳಲ್ಲಿ ಹುಲ್ಲು ಹೊದಿಸಿದ ಮನೆ, ಬಣ್ಣ ಬಳಿದ ಉದ್ದನೆಯ ದೋಣಿ, ನೀರಿನ ಪಕ್ಕದ ಪಬ್ಬು, ಅದರ ಮುಂದಿನ ಬೆಂಚು ಇವೆಲ್ಲ ಕಾಣಿಸುತ್ತವೆಯೇ ಹೊರತು, ಅಲ್ಲಿ ವರ್ಷವಿಡೀ ಬದುಕುವವರು ಹಾಲನ್ನು ಎಲ್ಲಿಂದ ತರುತ್ತಾರೆ, ಜ್ವರ ಬಂದರೆ ಎಲ್ಲಿಗೆ ಹೋಗುತ್ತಾರೆ, ಕಾರು ಓಡಿಸಲಾಗದ ಮುದುಕರು ಪೇಟೆಗೆ ಹೋಗಬೇಕಾದರೆ ಏನು ಮಾಡುತ್ತಾರೆ ಎಂಬುದು ಎಲ್ಲಿಯೂ ಕಾಣಿಸುವುದಿಲ್ಲ. ಚಂದದ ಹಳ್ಳಿಯೆಂದರೆ ಸೌಕರ್ಯವುಳ್ಳ ಹಳ್ಳಿಯೆಂದು ನೋಡಿದವರು ತಿಳಿದುಬಿಡುತ್ತಾರೆ.

ಹಿರಿಯರು: ನಿಮ್ಮ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದರೆ ಆ ಕಾಲುವೆ ಅಲ್ಲಿಗೆ ಬಂದ ಕಾರಣವನ್ನು ಮೊದಲು ತಿಳಿಯಬೇಕು. ಅದು ಹಳ್ಳಿಗಾಗಿ ಬಂದದ್ದಲ್ಲ. ತುಂಗಭದ್ರೆಯ ಕಾಲುವೆಯಂಥದನ್ನು ಕಂಡವರು ಗದ್ದೆಗೆ ಹರಿಯುವ ನೀರನ್ನು ನೆನೆಯುತ್ತಾರೆ; ಆದರೆ ಅಲ್ಲಿ ಇಳಿಜಾರೇ ಕಾಲುವೆಯ ಜೀವವಾಗಿದ್ದರೆ, ದೋಣಿ ಸಾಗುವ ಕಾಲುವೆಯಲ್ಲಿ ಇಳಿಜಾರು ಇರಲೇಬಾರದು. ಮಟ್ಟಸವಾದ ನೀರಿನ ಉದ್ದನೆಯ ಕೊಳಗಳನ್ನು ಒಂದರ ಕೆಳಗೊಂದು ಜೋಡಿಸಿ, ನಡುವೆ ಎರಡು ಜೊತೆ ಬಾಗಿಲುಗಳುಳ್ಳ ಕಲ್ಲು-ಇಟ್ಟಿಗೆಯ ಕೋಣೆಗಳನ್ನು ಕಟ್ಟುತ್ತಾರೆ. ಇವಕ್ಕೆ ಲಾಕ್ ಎನ್ನುತ್ತಾರೆ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ತೂಬುಗಳನ್ನು ಕೈಹಿಡಿಯಿಂದ ತಿರುಗಿಸಿ ಎತ್ತಿ, ನೀರನ್ನು ತುಂಬಿಸಿದರೆ ದೋಣಿ ಮೇಲೇರುತ್ತದೆ, ಬರಿದುಮಾಡಿದರೆ ಕೆಳಗಿಳಿಯುತ್ತದೆ. ಈ ಕಾಲುವೆಯ ಅಗಲವಾದ ಲಾಕ್ ಒಂದು ಸಲ ತುಂಬಲು ಎರಡು ಲಕ್ಷ ಲೀಟರಿಗೂ ಮಿಕ್ಕಿದ ನೀರು ಬೇಕು.

ಕಿರಿಯರು: ಸ್ಟೋಕ್ ಬ್ರೂಅರ್ನ್‌ನಲ್ಲಿ ಇಂಥ ಏಳು ಲಾಕ್‌ಗಳು ಒಂದರ ಹಿಂದೊಂದು ಇವೆಯಲ್ಲವೇ?

ಹಿರಿಯರು: ಇವೆ, ಅವುಗಳನ್ನು ಹತ್ತಿ ಮುಗಿಸುವಷ್ಟರಲ್ಲಿ ಎದುರಿಗೆ ಬ್ಲಿಸ್‌ವರ್ತ್ ಸುರಂಗ. ಅದರ ಉದ್ದ 2,813 ಮೀಟರ್. 1793ರಲ್ಲಿ ಆರಂಭವಾದ ಕೆಲಸವು ಗುಡ್ಡದೊಳಗಿನ ನೀರು ನುಗ್ಗಿ 1796ರಲ್ಲಿ ಕೈಬಿಟ್ಟುಹೋಗಿ, ಉಳಿದ ಕಾಲುವೆಯೆಲ್ಲ ಸಿದ್ಧವಾದ ಮೇಲೂ ಈ ಗುಡ್ಡವೊಂದೇ ಅಡ್ಡವಾಗಿ ನಿಂತಿತ್ತು. ಆದ್ದರಿಂದ ಕೆಲವು ವರ್ಷಗಳ ಕಾಲ ಒಂದು ಬದಿಯಲ್ಲಿ ಸರಕನ್ನು ದೋಣಿಯಿಂದ ಇಳಿಸಿ, ಗುಡ್ಡದ ಮೇಲೆ ಹಾಸಿದ ಹಳಿಗಳ ಮೇಲೆ ಕುದುರೆಬಂಡಿಗಳಲ್ಲಿ ಸಾಗಿಸಿ, ಇನ್ನೊಂದು ಬದಿಯಲ್ಲಿ ಮತ್ತೆ ದೋಣಿಗೆ ಏರಿಸುತ್ತಿದ್ದರು. ಬೇರೆ ಜಾಡಿನಲ್ಲಿ ತೋಡಿದ ಸುರಂಗ 1805ರ ಮಾರ್ಚ್‌ನಲ್ಲಿ ತೆರೆಯಿತು. ಒಳಗೆ ಕುದುರೆ ನಡೆಯಲು ದಾರಿಯಿಲ್ಲ. ಕುದುರೆಯನ್ನು ಗುಡ್ಡದ ಮೇಲೆ ನಡೆಸಿಕೊಂಡು ಹೋಗುತ್ತಿದ್ದರೆ, ದೋಣಿಯ ಮೂತಿಯಲ್ಲಿ ಅಡ್ಡಹಲಗೆಯ ಮೇಲೆ ಬೆನ್ನುಕೊಟ್ಟು ಮಲಗಿದ ಆಳುಗಳು ಸುರಂಗದ ಗೋಡೆಯನ್ನು ಕಾಲಿಂದ ತುಳಿದು ತುಳಿದು ದೋಣಿಯನ್ನು ದೂಡುತ್ತಿದ್ದರು. ಇದೇ ಕೂಲಿಗೆ ನಿಂತವರನ್ನು ಲೆಗ್ಗರ್ ಎನ್ನುತ್ತಿದ್ದರು. 1871ರಿಂದ ಉಗಿಯಂತ್ರದ ಎಳೆದೋಣಿಗಳು ಆ ಕೆಲಸವನ್ನು ವಹಿಸಿಕೊಂಡವು. ಒಂದು ಕಡೆ ಏಳು ಲಾಕ್, ಇನ್ನೊಂದು ಕಡೆ ಸುರಂಗ: ಯಾವ ದೋಣಿಯವನೂ ಇಲ್ಲಿ ನಿಲ್ಲದೆ ಹೋಗುವಂತಿರಲಿಲ್ಲ. ಪಬ್ಬು, ದಿನಸಿ ಅಂಗಡಿ, ಲಾಯ, ಹಗ್ಗ ಹೊಸೆಯುವವರು, ಹಿಟ್ಟಿನ ಗಿರಣಿ, ಇವೆಲ್ಲ ಆ ನಿಲುಗಡೆಯ ಆಸರೆಯಲ್ಲಿ ಬೆಳೆದವು.

ಕಿರಿಯರು: ಅಂದರೆ ಹಳ್ಳಿಯ ಸೌಕರ್ಯಗಳು ಹಳ್ಳಿಯವರ ಅಗತ್ಯದಿಂದ ಹುಟ್ಟಲಿಲ್ಲ, ಹಾದುಹೋಗುವವರ ಕಾಸಿನಿಂದ ಹುಟ್ಟಿದವು ಎಂದು ತಾವು ಹೇಳುತ್ತಿದ್ದೀರಿ.

ಹಿರಿಯರು: ಹೌದು, ಮತ್ತು ಹಾಗೆ ಹುಟ್ಟಿದ್ದನ್ನು ಹಳ್ಳಿಯವರೂ ಬಳಸಿಕೊಂಡರು. ದಡದ ಮೇಲಿನ ಬೋಟ್ ಇನ್ ಎಂಬ ಪಬ್ಬನ್ನು 1877ರಿಂದ ಒಂದೇ ಮನೆತನದವರು ನಡೆಸಿಕೊಂಡು ಬಂದಿರುವುದು ಅದರ ಸಾಕ್ಷಿ. ಇಂಗ್ಲೆಂಡಿನ ಹಳ್ಳಿಯ ಪಬ್ಬನ್ನು ಬರೀ ಹೆಂಡದಂಗಡಿಯೆಂದು ಅರ್ಥಮಾಡಿಕೊಂಡರೆ ತಪ್ಪಾಗುತ್ತದೆ. ಊರಿನ ಸುದ್ದಿ, ಕೂಲಿಯಾಳಿನ ಗೊತ್ತುಪಾಡು, ಸಂಘಗಳ ಸಭೆ, ಚಳಿಗಾಲದ ಆಟ ಎಲ್ಲವೂ ಅಲ್ಲಿಯೇ. ಆ ಸೀಮೆಯ ಪಬ್ಬುಗಳಲ್ಲಿ ತೊಗಲು ಹೊದಿಸಿದ ಮೇಜೊಂದಿರುತ್ತದೆ, ಅದರ ಮೇಲೆ ಒಂಬತ್ತು ಗೂಟಗಳನ್ನು ನಿಲ್ಲಿಸಿ, ಚೀಸ್ ಎಂದು ಕರೆಯುವ ಚಪ್ಪಟೆ ಬಿಲ್ಲೆಗಳನ್ನು ಎಸೆದು ಉರುಳಿಸುತ್ತಾರೆ. ನಾರ್ಥಾಂಪ್ಟನ್‌ಶೈರ್ ಸ್ಕಿಟಲ್ಸ್ ಎಂದು ಇದಕ್ಕೆ ಹೆಸರು.

ಕಿರಿಯರು: ಆಟ ಇರಲಿ. ಆ ದೋಣಿಗಳಲ್ಲಿ ಸಂಸಾರಗಳೇ ಇದ್ದವಲ್ಲವೇ? ಅವರಿಗೆ ಯಾವ ಸೌಕರ್ಯವಿತ್ತು?

ಹಿರಿಯರು: ಅದನ್ನು ಬಿಡಿಸಿ ಹೇಳಬೇಕು. ಸರಕಿನ ದೋಣಿ ಸುಮಾರು 21 ಮೀಟರ್ ಉದ್ದ, ಎರಡು ಮೀಟರಿಗಿಂತ ತುಸು ಹೆಚ್ಚು ಅಗಲ. ಅದರಲ್ಲಿ ಸರಕಿಗೆ ಬಿಟ್ಟು ಉಳಿದ ಹಿಂಬದಿಯ ಮೂರು ಮೀಟರ್ ಉದ್ದದ ಗೂಡೇ ಮನೆ. ರೈಲು ಬಂದು ಸರಕು ಸಾಗಣೆಯ ಬಾಡಿಗೆ ಇಳಿದ ಮೇಲೆ, ಕೂಲಿಯಾಳನ್ನಿಟ್ಟುಕೊಳ್ಳಲು ಗಿಟ್ಟದೆ, ಹೆಂಡತಿ ಮಕ್ಕಳೇ ದೋಣಿಯ ಆಳುಗಳಾದರು, ದಡದ ಮನೆಯ ಬಾಡಿಗೆಯೂ ಉಳಿಯಿತು. ಒಲೆ, ಮಡಚುವ ಮಂಚ, ಮೇಜಾಗುವ ಕಪಾಟಿನ ಬಾಗಿಲು, ಹಿತ್ತಾಳೆಯ ಗುಬ್ಬಿಗಳು, ಗುಲಾಬಿ ಮತ್ತು ಕೋಟೆಗಳ ಚಿತ್ರ ಬರೆದ ನೀರಿನ ಡಬ್ಬ, ಇವೆಲ್ಲ ಆ ಗೂಡಿನೊಳಗೆ. ಅವುಗಳನ್ನು ನೋಡಿ ಇಂದಿನವರು ಮೆಚ್ಚುತ್ತಾರೆ. ಅಲ್ಲಿ ಆರೇಳು ಜನ ಮಲಗುತ್ತಿದ್ದುದನ್ನು ಕಂಡ ಜಾರ್ಜ್ ಸ್ಮಿತ್ ಎಂಬ ಸುಧಾರಕರು ಮಾತ್ರ ಮೆಚ್ಚಲಿಲ್ಲ. ಅವರ ಹೋರಾಟದಿಂದ 1877ರಲ್ಲಿ ಬಂದ ಕಾಲುವೆದೋಣಿಗಳ ಕಾಯಿದೆಯು ವಾಸದ ದೋಣಿಗಳನ್ನು ನೋಂದಾಯಿಸಿ, ಒಂದೊಂದರಲ್ಲಿ ಎಷ್ಟು ಜನ ಇರಬಹುದೆಂದು ಗೊತ್ತುಮಾಡಿತು. ಕಾಯಿದೆ ಬಂದರೂ ಶಾಲೆ ದಡದಲ್ಲಿ, ಮಗು ನೀರಿನ ಮೇಲೆ. ಇಂದು ಒಂದೂರು, ನಾಳೆ ಇನ್ನೊಂದೂರು. ಓದುಬರಹ ಬಾರದ ಸಂಸಾರಗಳು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಇದ್ದವು.

ಕಿರಿಯರು: ಕಾಯಿಲೆ ಕಸಾಲೆ?

ಹಿರಿಯರು: ಸ್ಟೋಕ್ ಬ್ರೂಅರ್ನ್‌ನ ಹೆಸರು ದೋಣಿಯವರ ಬಾಯಲ್ಲಿ ಉಳಿದದ್ದು ಅದಕ್ಕಾಗಿಯೇ. 1885ರಲ್ಲಿ ಆ ಊರಿನಲ್ಲೇ ಹುಟ್ಟಿದ ಮೇರಿ ವಾರ್ಡ್, ದೋಣಿಗಳಿಗೆ ಹಗ್ಗ ಹೊಸೆದು ಕೊಡುತ್ತಿದ್ದವರ ಮಗಳು, ಶುಶ್ರೂಷೆಯ ಅನುಭವ ಪಡೆದು ಊರಿಗೆ ಮರಳಿ, ಮೇಲಿನ ಲಾಕ್‌ನ ಬಳಿಯಿದ್ದ ಮನೆಯಲ್ಲಿಯೇ ದೋಣಿಯವರಿಗೆ ಚಿಕಿತ್ಸೆ ನೀಡತೊಡಗಿದರು. ಮೊದಮೊದಲು ಸ್ವಂತ ಹಣದಿಂದ, ಆಮೇಲೆ ಕಾಲುವೆ ಕಂಪನಿಯ ನೆರವಿನಿಂದ. ಲಾಕ್ ತುಂಬುವ ಹೊತ್ತಿನಲ್ಲಿ ಗಾಯಕ್ಕೆ ಪಟ್ಟಿ, ಕೆಮ್ಮಿಗೆ ಔಷಧ. ಹೆರಿಗೆಯಾದರೆ ಗೂಡಿನೊಳಗೇ ಬಾಣಂತಿಯ ಆರೈಕೆ. ಸಿಸ್ಟರ್ ಮೇರಿ ಎಂದೇ ಹೆಸರಾದ ಅವರಿಗೆ 1951ರಲ್ಲಿ ಬ್ರಿಟಿಷ್ ಎಂಪೈರ್ ಪದಕ ದೊರೆಯಿತು. 1962ರಲ್ಲಿ ಅವರು ನಿವೃತ್ತರಾದರು, 1972ರಲ್ಲಿ ತೀರಿಕೊಂಡರು. ಊರೂರು ತಿರುಗುವವರಿಗೆ ವೈದ್ಯಸೇವೆ ಒದಗಿಸಬೇಕಾದರೆ ಅವರು ನಿಂತೇ ತೀರಬೇಕಾದ ಜಾಗದಲ್ಲಿ ಒದಗಿಸಬೇಕು ಎಂಬ ತಿಳಿವು ಈ ಏರ್ಪಾಟಿನಲ್ಲಿತ್ತು. ಅದು ಯಾವ ಇಲಾಖೆಯ ಯೋಜನೆಯಿಂದಲೂ ಬಂದದ್ದಲ್ಲ.

ಕಿರಿಯರು: ಆದರೆ ಆ ಸಂಚಾರವೇ ನಿಂತುಹೋಯಿತು.

ಹಿರಿಯರು: ನಿಂತುಹೋಯಿತು. 1948ರಲ್ಲಿ ಕಾಲುವೆಗಳು ರಾಷ್ಟ್ರದ ಸ್ವತ್ತಾದವು. 1962-63ರ ಕಡುಚಳಿಗೆ ನೀರು ಹೆಪ್ಪುಗಟ್ಟಿ ದೋಣಿಗಳು ವಾರಗಟ್ಟಲೆ ಸಿಕ್ಕಿಬಿದ್ದು, ಗಿರಾಕಿಗಳು ಲಾರಿಯ ಕಡೆ ತಿರುಗಿದರು. ವಾರ್ವಿಕ್‌ಶೈರ್ ಗಣಿಗಳ ಕಲ್ಲಿದ್ದಲನ್ನು ಈ ಹಳ್ಳಿಯ ಮೂಲಕವೇ ಸೌತಾಲ್‌ನ ಜಾಮ್ ಕಾರ್ಖಾನೆಗೆ ಒಯ್ಯುತ್ತಿದ್ದ ಕಟ್ಟಕಡೆಯ ದೂರದ ಗುತ್ತಿಗೆ 1970ರಲ್ಲಿ ಮುಗಿಯಿತು. ದಡದ ಹಳೆಯ ಹಿಟ್ಟಿನ ಗಿರಣಿಯಲ್ಲಿ ಕಾಲುವೆಯ ವಸ್ತುಸಂಗ್ರಹಾಲಯ ತೆರೆದದ್ದು 1963ರಲ್ಲಿ. ಲಾಕ್ ಕಾಯುತ್ತಿದ್ದ ಜ್ಯಾಕ್ ಜೇಮ್ಸ್ ಎಂಬವರು ದೋಣಿಯವರ ಪಾತ್ರೆ, ದೀಪ, ಕುದುರೆಯ ಅಲಂಕಾರಗಳನ್ನು ಕೂಡಿಸಿಟ್ಟಿದ್ದರು, ಅವೇ ಅದಕ್ಕೆ ಮೊದಲ ಬಂಡವಾಳ. ದೋಣಿಯ ಕಸುಬು ಇನ್ನೂ ಪೂರ್ತಿ ಸಾಯುವ ಮೊದಲೇ ಅದಕ್ಕೆ ಮ್ಯೂಸಿಯಂ ಆಯಿತು ಎನ್ನಬಹುದು.

ಕಿರಿಯರು: ಅಲ್ಲಿಂದ ಹಾದುಹೋಗುವವರು ಬದಲಾದರು, ಹಳ್ಳಿಯ ಸ್ಥಿತಿ ಬದಲಾಗಲಿಲ್ಲ ಎಂಬುದೇ ವಾದಿಸಬೇಕಾದ ಮಾತು. ಮೊದಲು ಕಲ್ಲಿದ್ದಲ ದೋಣಿ, ಈಗ ಭಾನುವಾರದ ಕಾರು. ಪಬ್ಬು, ಮ್ಯೂಸಿಯಂ, ಊಟದ ಮನೆ, ಸುರಂಗದವರೆಗೆ ಪ್ರವಾಸಿಗರನ್ನು ಒಯ್ಯುವ ದೋಣಿ, ಇವು ಬಂದುಹೋಗುವವರಿಗೆ ಬೇಕಾದವು. ನಿತ್ಯದ ಬದುಕಿಗೆ ಬೇಕಾದದ್ದು ಬೇರೆ. ರೈಲನ್ನೇ ನೋಡಿ: ಸ್ಟೋಕ್ ಬ್ರೂಅರ್ನ್‌ಗೂ ಒಂದು ನಿಲ್ದಾಣವನ್ನು ಕಟ್ಟಿ 1892ರ ಡಿಸೆಂಬರಿನಲ್ಲಿ ತೆರೆದು, ನಾಲ್ಕೇ ತಿಂಗಳಲ್ಲಿ ಪ್ರಯಾಣಿಕರಿಗೆ ಮುಚ್ಚಿಬಿಟ್ಟರು. ಉಳಿದದ್ದು ರಸ್ತೆ. ಇಂಗ್ಲೆಂಡಿನಲ್ಲಿ ಪಿಂಚಣಿಯ ವಯಸ್ಸಿನವರಿಗೆ 2008ರಿಂದ ದೇಶದೊಳಗೆಲ್ಲ ಸ್ಥಳೀಯ ಬಸ್ಸು ಉಚಿತ; ಆದರೆ ಬಸ್ಸೇ ಇಲ್ಲದ ಹೊತ್ತಿನಲ್ಲಿ ಉಚಿತ ಪಾಸಿನಿಂದ ಪ್ರಯೋಜನವೇನು?

ಹಿರಿಯರು: ವೈದ್ಯರ ವಿಷಯದಲ್ಲಿ ಅಲ್ಲಿನ ವ್ಯವಸ್ಥೆ ಹಳ್ಳಿಯನ್ನು ಪೂರ್ತಿ ಮರೆತಿಲ್ಲ ಎಂಬುದನ್ನೂ ಹೇಳಬೇಕು. ಗ್ರಾಮೀಣವೆಂದು ಗುರುತಿಸಿದ ಪ್ರದೇಶದಲ್ಲಿ, ಔಷಧದಂಗಡಿಯಿಂದ 1.6 ಕಿಲೋಮೀಟರ್‌ಗಿಂತ ಆಚೆ ವಾಸಿಸುವ ರೋಗಿಗೆ, ಅನುಮತಿ ಪಡೆದ ವೈದ್ಯರ ಚಿಕಿತ್ಸಾಲಯವೇ ಔಷಧ ಕೊಡಬಹುದು. ಚೀಟಿ ಬರೆಯುವವರು ಬೇರೆ, ಮದ್ದು ಮಾರುವವರು ಬೇರೆ ಎಂಬ ಪೇಟೆಯ ನಿಯಮವನ್ನು ಇಲ್ಲಿ ಸಡಿಲಿಸಿದ್ದಾರೆ.

ಕಿರಿಯರು: ಆ ಚಿಕಿತ್ಸಾಲಯವೂ ಸಾಮಾನ್ಯವಾಗಿ ಪಕ್ಕದ ದೊಡ್ಡ ಊರಿನಲ್ಲಿರುತ್ತದೆ. ಅಂಗಡಿಯ ಕಥೆಯೂ ಅಷ್ಟೇ. ಅಂಚೆಯ ಕೆಲಸ, ಪಿಂಚಣಿ, ರೊಟ್ಟಿ, ಪತ್ರಿಕೆ, ಅಂಚೆಚೀಟಿ ಎಲ್ಲವನ್ನೂ ಒಂದೇ ಗಲ್ಲೆಯಲ್ಲಿ ನಡೆಸುತ್ತಿದ್ದ ಹಳ್ಳಿಯ ಅಂಗಡಿ, ಸೂಪರ್ ಮಾರ್ಕೆಟ್ಟಿಗೆ ಕಾರಿನಲ್ಲಿ ಹೋಗುವವರು ಹೆಚ್ಚಿದಂತೆ ಎಷ್ಟೋ ಕಡೆ ಮುಚ್ಚಿದೆ. ಕೆಲವು ಊರುಗಳ ಜನ ಷೇರು ಹಾಕಿ, ಪಾಳಿಯಲ್ಲಿ ಸಂಬಳವಿಲ್ಲದೆ ದುಡಿದು, ಅಂಗಡಿಯನ್ನು ತಾವೇ ನಡೆಸುತ್ತಾರೆ. 2011ರ ಸ್ಥಳೀಯತಾ ಕಾಯಿದೆಯ ಪ್ರಕಾರ ಪಬ್ಬನ್ನೋ ಅಂಗಡಿಯನ್ನೋ ಸಮುದಾಯಕ್ಕೆ ಬೆಲೆಯುಳ್ಳ ಸ್ವತ್ತು ಎಂದು ಪಟ್ಟಿಗೆ ಸೇರಿಸಿದರೆ, ಮಾಲೀಕರು ಮಾರಲು ಹೊರಟಾಗ ಊರವರು ಹಣ ಹೊಂದಿಸಿಕೊಳ್ಳಲು ಆರು ತಿಂಗಳವರೆಗೆ ಕಾಲಾವಕಾಶ ಕೇಳಬಹುದು. ಆದರೆ ಕೊನೆಗೆ ಊರವರಿಗೇ ಮಾರಬೇಕೆಂಬ ಕಟ್ಟುಪಾಡು ಆ ಕಾಯಿದೆಯಲ್ಲಿಲ್ಲ.

ಹಿರಿಯರು: ಅವರ ಪ್ಯಾರಿಷ್ ಕೌನ್ಸಿಲ್ ಇದರಲ್ಲಿ ಏನು ಮಾಡುತ್ತದೆ?

ಕಿರಿಯರು: ಹೆಸರಿನಲ್ಲಿ ಚರ್ಚಿನ ವಲಯವಿದ್ದರೂ 1894ರ ಕಾಯಿದೆಯಿಂದ ಅದು ಚರ್ಚಿನಿಂದ ಬೇರೆಯಾದ, ಚುನಾಯಿತವಾದ ಗ್ರಾಮಸಭೆ. ಮನೆತೆರಿಗೆಯ ಜೊತೆಗೆ ಸಣ್ಣದೊಂದು ಪಾಲನ್ನು ಊರಿನ ಲೆಕ್ಕಕ್ಕೆಂದು ಸೇರಿಸಿ ವಸೂಲು ಮಾಡಿಸಿಕೊಳ್ಳುತ್ತದೆ. ಆ ಹಣದಲ್ಲಿ ಬೆಂಚು, ಆಟದ ಬಯಲು, ಸ್ಮಶಾನದ ಹುಲ್ಲು, ಬೀದಿದೀಪ, ಬಸ್ಸಿನ ತಂಗುದಾಣ ಇಂಥವನ್ನು ನೋಡಿಕೊಳ್ಳುತ್ತದೆ. ಕೆಂಪು ಟೆಲಿಫೋನ್ ಗೂಡುಗಳನ್ನು ಒಂದು ಪೌಂಡಿಗೆ ಕೊಳ್ಳುವ ಅವಕಾಶ 2008ರಲ್ಲಿ ಬಂದಾಗಿನಿಂದ ಅನೇಕ ಹಳ್ಳಿಗಳು ಅವನ್ನು ಪುಸ್ತಕ ವಿನಿಮಯದ ಕಪಾಟಾಗಿ, ಇಲ್ಲವೇ ಹೃದಯ ನಿಂತವರಿಗೆ ವಿದ್ಯುದಾಘಾತ ಕೊಡುವ ಯಂತ್ರದ ಗೂಡಾಗಿ ಮಾಡಿಕೊಂಡಿವೆ. ಮನೆ ಕಟ್ಟುವ ಅರ್ಜಿಗಳ ಬಗ್ಗೆ ಅಭಿಪ್ರಾಯ ಹೇಳಬಹುದು, ನಿರ್ಧರಿಸುವಂತಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಯ ಪಕ್ಕದಲ್ಲಿಟ್ಟರೆ ಅದರ ಕೈ ಬಹಳ ಚಿಕ್ಕದು. ಕಾಲುವೆಯ ಮೇಲಂತೂ ಯಾವ ಅಧಿಕಾರವೂ ಇಲ್ಲ.

ಹಿರಿಯರು: ಆದರೂ ಕಾಲುವೆದಡದ ಹಳ್ಳಿಗಳೆಲ್ಲ ಹೀಗೆಯೇ ಎಂದು ಹೇಳಲಾಗದು. ಚೆಷೈರ್‌ನ ಆಡ್ಲೆಮ್ ಎಂಬಲ್ಲಿ ಥಾಮಸ್ ಟೆಲ್ಫರ್ಡ್ ವಿನ್ಯಾಸದ 15 ಲಾಕ್‌ಗಳು ಊರನ್ನು ಒರೆಸಿಕೊಂಡೇ ಇಳಿಯುತ್ತವೆ. 1835ರಲ್ಲಿ ತೆರೆದ ಆ ಕಾಲುವೆ ಇಂದು ಶ್ರಾಪ್‌ಶೈರ್ ಯೂನಿಯನ್ನಿನ ಭಾಗ. ಅಲ್ಲಿ ದಿನಸಿ, ಅಂಚೆ, ವೈದ್ಯರು ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ ಉಳಿದಿವೆ.

ಕಿರಿಯರು: ಆಡ್ಲೆಮ್ ಕಾಲುವೆಗಿಂತ ಐದುನೂರು ವರ್ಷ ಹಿಂದಿನಿಂದ ಸಂತೆಯೂರು, ರಸ್ತೆಗಳು ಕೂಡುವ ಜಾಗ, ಸುತ್ತಲ ಒಕ್ಕಲುಗಳಿಗೆ ಅದೇ ಪೇಟೆ. 1963ರಲ್ಲಿ ಅದರ ರೈಲು ನಿಲ್ದಾಣ ಮುಚ್ಚಿದಾಗಲೂ ಅಂಗಡಿಗಳು ಉಳಿದದ್ದು ಅದಕ್ಕೆ. ಅಂದಮೇಲೆ ತಾವು ಕೊಟ್ಟ ಉದಾಹರಣೆ ಈ ಕಡೆಯ ವಾದಕ್ಕೇ ಬಲ ಕೊಡುತ್ತದೆ: ಸುತ್ತಲಿನವರಿಗೆ ಬೇಕಾಗಿ ಬೆಳೆದ ಸೌಕರ್ಯ ಹೆಚ್ಚು ಕಾಲ ಬಾಳುತ್ತದೆ, ಹಾದುಹೋಗುವವರಿಗಾಗಿ ಬೆಳೆದದ್ದು ಅವರ ರುಚಿಯಂತೆ ವೇಷ ಬದಲಿಸುತ್ತದೆ.

ಹಿರಿಯರು: ಒಪ್ಪಬೇಕಾದ ಮಾತು. ಆದರೆ ನೀವು ಹಳ್ಳಿಯವರೆಂದು ಎಣಿಸುವಾಗ ದಡದ ಮನೆಗಳನ್ನಷ್ಟೇ ಎಣಿಸುತ್ತಿದ್ದೀರಿ. ನೀರಿನ ಮೇಲೆ ಈಗಲೂ ಜನ ವಾಸಿಸುತ್ತಾರೆ. ಕಾಲುವೆ ಮತ್ತು ನದಿ ಟ್ರಸ್ಟ್ ಎಂಬ ದತ್ತಿಸಂಸ್ಥೆ 2012ರಿಂದ ಸುಮಾರು 3,200 ಕಿಲೋಮೀಟರ್ ಜಲಮಾರ್ಗವನ್ನು ನೋಡಿಕೊಳ್ಳುತ್ತಿದೆ, ಅದರಲ್ಲಿ ಪರವಾನಗಿಯುಳ್ಳ ದೋಣಿಗಳು ಮೂವತ್ತು ಸಾವಿರಕ್ಕೂ ಮಿಕ್ಕಿವೆ. ಅನೇಕವು ಬಿಡುವಿನ ವಿಹಾರಕ್ಕಾದರೂ ಸಾವಿರಾರು ದೋಣಿಗಳು ಮನೆಗಳೇ. ಅವರಿಗೆ ದಾರಿಯುದ್ದಕ್ಕೂ ಕುಡಿಯುವ ನೀರಿನ ನಲ್ಲಿ, ಕಸದ ತೊಟ್ಟಿ, ಶೌಚದ ಪೆಟ್ಟಿಗೆಯನ್ನು ಬರಿದುಮಾಡುವ ಕೋಣೆ ಇವೆ. ದೇಶದಲ್ಲೆಲ್ಲ ಒಂದೇ ಬಗೆಯ ಕೀಲಿಕೈಯಿಂದ ಅವು ತೆರೆಯುತ್ತವೆ. ಕಲ್ಲಿದ್ದಲು, ಡೀಸೆಲ್, ಗ್ಯಾಸ್ ಸಿಲಿಂಡರ್ ಹೊತ್ತ ಮಾರಾಟದ ದೋಣಿಗಳು ಮನೆಬಾಗಿಲಿಗೇ ಬರುತ್ತವೆ.

ಕಿರಿಯರು: ಹಾಗಾದರೆ ದಡದವನಿಗೆ ವಿಳಾಸವಿದೆ, ಅಂಗಡಿಯಿಲ್ಲ, ನೀರಿನವನಿಗೆ ಅಂಗಡಿಯೇ ಬಳಿಗೆ ಬರುತ್ತದೆ, ವಿಳಾಸವಿಲ್ಲ.

ಹಿರಿಯರು: ವಿಳಾಸವಿಲ್ಲದ್ದು ಸಣ್ಣ ಮಾತಲ್ಲ. ಮತದಾರರ ಪಟ್ಟಿಗೆ ಸೇರಲು ಅವರು ಯಾವುದಾದರೂ ಊರಿನೊಡನೆ ತಮಗೆ ಸಂಬಂಧವಿದೆಯೆಂದು ಘೋಷಣೆ ಬರೆದುಕೊಡಬೇಕು. ವೈದ್ಯರ ಬಳಿ ನೋಂದಾಯಿಸಿಕೊಳ್ಳಲು ವಿಳಾಸದ ದಾಖಲೆ ಬೇಕಿಲ್ಲವೆಂದು ರಾಷ್ಟ್ರೀಯ ಆರೋಗ್ಯ ಸೇವೆಯ ಮಾರ್ಗಸೂಚಿಯೇ ಹೇಳಿದರೂ, ಮೇಜಿನ ಹಿಂದೆ ಕುಳಿತವರಿಗೆ ಅದು ತಿಳಿದಿರಬೇಕಲ್ಲ. 1995ರ ಬ್ರಿಟಿಷ್ ಜಲಮಾರ್ಗಗಳ ಕಾಯಿದೆಯ ಪ್ರಕಾರ, ದೋಣಿ ಕಟ್ಟಲು ಕಾಯಂ ಜಾಗ ಗೊತ್ತುಮಾಡಿಕೊಳ್ಳದವರು ನಿಜವಾಗಿ ಸಂಚರಿಸುತ್ತಿರಬೇಕು, ಯಾವ ಒಂದೇ ಜಾಗದಲ್ಲಿಯೂ 14 ದಿನಕ್ಕಿಂತ ಹೆಚ್ಚು ಸತತವಾಗಿ ನಿಲ್ಲುವಂತಿಲ್ಲ. ಹೆಸರಾದ ಹಳ್ಳಿಗಳ ಬಳಿ ಕೆಲವೆಡೆ 48 ಗಂಟೆಯಷ್ಟೇ ಅವಕಾಶ.

ಕಿರಿಯರು: ಇಷ್ಟೆಲ್ಲ ನಡೆಸಲು ಹಣ ಯಾರದು? ಲಾಕ್‌ನ ಓಕ್ ಮರದ ಬಾಗಿಲು ಇಪ್ಪತ್ತೈದು ವರ್ಷಕ್ಕೊಮ್ಮೆ ಬದಲಾಗಬೇಕು ಎನ್ನುತ್ತಾರೆ.

ಹಿರಿಯರು: ಸರ್ಕಾರದ ಅನುದಾನ, ದೋಣಿಯ ಪರವಾನಗಿ ಶುಲ್ಕ, ಟ್ರಸ್ಟಿನ ಆಸ್ತಿಯ ವರಮಾನ, ನೀರಿನ ಮಾರಾಟ, ದಾನ. 2027ರ ನಂತರ ಅನುದಾನ ಇಳಿಯುತ್ತ ಹೋಗುವುದೆಂದು 2023ರಲ್ಲಿ ಸರ್ಕಾರ ತಿಳಿಸಿತು. 2024ರ ಏಪ್ರಿಲ್‌ನಿಂದ ಕಾಯಂ ಜಾಗವಿಲ್ಲದ ದೋಣಿಗಳ ಮೇಲೆ ಹೆಚ್ಚುವರಿ ಶುಲ್ಕ ಬಿತ್ತು. ಕುದುರೆ ನಡೆಯುತ್ತಿದ್ದ ದಡದ ದಾರಿಯ ಅಡಿಯಲ್ಲಿ ದೂರಸಂಪರ್ಕದ ಕಂಪನಿಗಳು ಗಾಜಿನೆಳೆಯ ಕೇಬಲ್ ಹೂಳಿವೆ, ಅದರಿಂದಲೂ ಬಾಡಿಗೆ ಬರುತ್ತದೆ.

ಕಿರಿಯರು: ನಗರದಿಂದ ನಗರಕ್ಕೆ ಸಾಗುವ ಆ ಕೇಬಲ್ ದಾರಿಯಲ್ಲಿ ಸಿಗುವ ಹಳ್ಳಿಯ ಮನೆಗಳಿಗೆ ತಾನಾಗಿ ಸಂಪರ್ಕ ಕೊಡುವುದಿಲ್ಲ, ಅದಕ್ಕೆ ಬೇರೆ ತಂತಿ, ಬೇರೆ ಕಂಪನಿ, ಬೇರೆ ಸರದಿ. ಇನ್ನು ಕಾಲುವೆಯ ನೋಟದಿಂದ ಬೆಲೆ ಏರಿದ ಮನೆಗಳ ಒಡೆಯರು ಈ ಲೆಕ್ಕದಲ್ಲಿ ಏನು ಕೊಡುತ್ತಾರೆ?

ಹಿರಿಯರು: ಕಾನೂನಿನಂತೆ ಪ್ರತ್ಯೇಕವಾಗಿ ಏನೂ ಇಲ್ಲ. ಆದರೆ ಅವರಲ್ಲಿ ಅನೇಕರು ಮೈಬಗ್ಗಿಸಿ ದುಡಿಯುತ್ತಾರೆ. ಬೇಸಿಗೆಯಲ್ಲಿ ಲಾಕ್‌ಗಳ ಬಳಿ ನಿಂತು ದೋಣಿಗಳಿಗೆ ನೆರವಾಗುವ ಸ್ವಯಂಸೇವಕರಿಲ್ಲದೆ ಇಂದು ಆ ಲಾಕ್‌ಗಳ ಸಾಲುಗಳು ನಡೆಯುವುದು ಕಷ್ಟ.

ಕಿರಿಯರು: ಆ ಪುರುಸೊತ್ತು ಇರುವುದು ಹೆಚ್ಚಾಗಿ ನಿವೃತ್ತರಿಗೆ, ಮನೆಯ ಸಾಲ ತೀರಿದವರಿಗೆ. ಅದೇ ಊರಿನಲ್ಲಿ ಮನೆ ಕೊಳ್ಳಲಾಗದ ಎಳೆಯ ದಂಪತಿಗಳು ಅಗ್ಗವೆಂದು ದೋಣಿ ಕೊಂಡು, ಊರಿನ ಅಂಚಿನಲ್ಲೇ ಕಟ್ಟಿಕೊಂಡು, ಮಗುವನ್ನು ಊರಿನ ಶಾಲೆಗೆ ಸೇರಿಸಿದರೆಂದು ಇಟ್ಟುಕೊಳ್ಳಿ. ಮಕ್ಕಳು ಸಾಲದೆಂದೇ ಹಳ್ಳಿಯ ಎಷ್ಟೋ ಚಿಕ್ಕ ಶಾಲೆಗಳು ಮುಚ್ಚುವ ಭಯದಲ್ಲಿರುವಾಗ, ಆ ಮಗು ಶಾಲೆಗೆ ಬೇಕಾದ ಮಗು. ಹದಿನೈದನೆಯ ದಿನ ಅವರು ಎಲ್ಲಿಗೆ ಹೋಗಬೇಕು?

ಹಿರಿಯರು: ಒಂದೇ ಜಾಗ ಎಂದರೆ ಎಷ್ಟು ದೂರ ಎಂಬುದನ್ನು ಕಾಯಿದೆ ಅಳೆದು ಹೇಳಿಲ್ಲ, ಸಂದರ್ಭಕ್ಕೆ ಉಚಿತವೆನಿಸಿದರೆ 14 ದಿನಕ್ಕಿಂತ ಹೆಚ್ಚು ನಿಲ್ಲಬಹುದೆಂಬ ಮಾತನ್ನೂ ಅದೇ ವಾಕ್ಯದಲ್ಲಿ ಸೇರಿಸಿದೆ. ಎಂಜಿನ್ ಕೆಟ್ಟರೆ, ನೀರು ಹೆಪ್ಪುಗಟ್ಟಿದರೆ, ಕಾಯಿಲೆ ಬಿದ್ದರೆ ಹೆಚ್ಚು ದಿನ ನಿಲ್ಲಲು ಸಾಮಾನ್ಯವಾಗಿ ಬಿಡುತ್ತಾರೆ. ಮಗುವಿನ ಶಾಲೆಯ ಅವಧಿಯೂ ಉಚಿತ ಕಾರಣವೇ ಎಂಬ ವಿಷಯದಲ್ಲಿ ದೋಣಿಯವರಿಗೂ ಟ್ರಸ್ಟಿಗೂ ವಾದ ನಡೆದೇ ಇದೆ.